ಆ ಊರಿನ ಹೆಸರಲ್ಲಿರೋ 'ಹೋಪ್' ಭರವಸೆ ಅಲ್ಲ

ಸ್ಕಾಟ್ಲೆಂಡಿನ ಉತ್ತರ ತುದಿ ದಾಟಿ ಸಮುದ್ರಕ್ಕಿಳಿದರೆ ಸಿಗೋದು ಆರ್ಕ್ನಿ ದ್ವೀಪಗಳು. ಅವುಗಳಲ್ಲಿ ಒಂದಾದ ಸೌತ್ ರೊನಾಲ್ಡ್ಸೆಯಲ್ಲಿ ಸೇಂಟ್ ಮಾರ್ಗರೆಟ್ಸ್ ಹೋಪ್ ಅನ್ನೋ ಪುಟ್ಟ ಊರಿದೆ. ಹೆಸರು ಕೇಳಿದ ಕೂಡಲೇ ನಾವು 'ಸಂತ ಮಾರ್ಗರೆಟ್‌ಳ ಭರವಸೆ' ಅಂತ ಅನುವಾದ ಮಾಡಿಬಿಡ್ತೀವಿ. ಎಷ್ಟು ಚೆಂದ ಅಲ್ವಾ? ಆದ್ರೆ ತಪ್ಪು.

ಆರ್ಕ್ನಿಯನ್ನು ಶತಮಾನಗಳ ಕಾಲ ಆಳಿದವರು ನಾರ್ವೆಯವರು. ಅವರ ಹಳೆಯ ನಾರ್ಸ್ ಭಾಷೆಯಲ್ಲಿ 'ಹೋಪ್' ಅಂದ್ರೆ ನೆಲದೊಳಗೆ ಚಾಚಿಕೊಂಡ ಸಣ್ಣ ಕೊಲ್ಲಿ, ಹಡಗು ನಿಲ್ಲಿಸೋಕೆ ಸುರಕ್ಷಿತ ಜಾಗ. ಅಲ್ಲೇ ಹತ್ತಿರದ ಇನ್ನೊಂದು ಊರು ಲಾಂಗ್‌ಹೋಪ್, ಅಂದ್ರೆ ಉದ್ದನೆಯ ಕೊಲ್ಲಿ. ಎರಡೂ ಊರು ಇರೋದು ಕೊಲ್ಲಿಯ ದಡದಲ್ಲೇ. ಹಾಗಾಗಿ ಹೆಸರಿನ ಅರ್ಧ ಬಿಡಿಸಿದ ಹಾಗಾಯ್ತು.

ಉಳಿದ ಅರ್ಧವೇ ಕಷ್ಟ. ಈ ಮಾರ್ಗರೆಟ್ ಯಾರು? ಎರಡು ಹೆಸರು ಕೇಳಿಬರುತ್ತವೆ.

ಮೊದಲನೆಯವಳು ಸ್ಕಾಟ್ಲೆಂಡಿನ ರಾಜ 3ನೇ ಮಾಲ್ಕಮ್‌ನ ರಾಣಿ. 1093ರಲ್ಲಿ ತೀರಿಕೊಂಡಳು. 1250ರಲ್ಲಿ ಪೋಪ್ ಅವಳನ್ನು ಸಂತಳೆಂದು ಘೋಷಿಸಿದರು.

ಎರಡನೆಯವಳು ಏಳು ವರ್ಷದ ಹುಡುಗಿ. ನಾರ್ವೆಯ ರಾಜನ ಮಗಳು, ಸ್ಕಾಟ್ಲೆಂಡಿನ ರಾಜ 3ನೇ ಅಲೆಕ್ಸಾಂಡರ್‌ನ ಮೊಮ್ಮಗಳು. 1286ರಲ್ಲಿ ಅಜ್ಜ ಸತ್ತ ಮೇಲೆ ಸಿಂಹಾಸನ ಅವಳ ಪಾಲಿಗೆ ಬಂತು. 1290ರಲ್ಲಿ ಹಡಗು ಹತ್ತಿ ಹೊರಟವಳು ಆರ್ಕ್ನಿಯಲ್ಲೇ ಕೊನೆಯುಸಿರೆಳೆದಳು. ಆಮೇಲೆ ಸಿಂಹಾಸನಕ್ಕೆ 13 ಮಂದಿ ಹಕ್ಕು ಹೂಡಿದರು, ಇಂಗ್ಲೆಂಡಿನ ರಾಜ ನಡುವೆ ಬಂದ, ಕೊನೆಗೆ ಯುದ್ಧವೇ ಶುರುವಾಯ್ತು.

ಮನಸ್ಸು ಸಹಜವಾಗಿ ಪುಟ್ಟ ಹುಡುಗಿಯ ಕಡೆಗೇ ವಾಲುತ್ತೆ. ಆದ್ರೆ ಇಲ್ಲಿ ಸ್ವಲ್ಪ ಹುಷಾರಾಗಿರಬೇಕು. 'ಅವಳು ಇಲ್ಲಿ ಸತ್ತಳು, ಅದಕ್ಕೇ ಊರಿಗೆ ಈ ಹೆಸರು' ಅಂತ ಹೇಳಿ, 'ಇಲ್ಲೇ ಸತ್ತಳು ಅನ್ನೋದಕ್ಕೆ ಏನು ಸಾಕ್ಷಿ?' ಅಂದ್ರೆ ಊರಿನ ಹೆಸರನ್ನೇ ತೋರಿಸಿದ್ರೆ, ನಾವು ಒಂದೇ ಜಾಗದಲ್ಲಿ ಸುತ್ತುತ್ತಿದ್ದೀವಿ ಅಂತಲೇ ಅರ್ಥ. ಮೇಲಾಗಿ, ಚರ್ಚು ಆ ಹುಡುಗಿಗೆ ಸಂತಪದವಿ ಕೊಟ್ಟೇ ಇಲ್ಲ. ಹೆಸರಿನಲ್ಲಿರೋ 'ಸೇಂಟ್' ರಾಣಿಯ ಕಡೆಗೇ ಬೆರಳು ತೋರಿಸುತ್ತೆ.

ಹಾಗಂತ ವಿಷಯ ಅಲ್ಲಿಗೇ ಮುಗಿಯೋದಿಲ್ಲ. 1300ರಲ್ಲಿ ಒಬ್ಬ ಹೆಂಗಸು ನಾರ್ವೆಯ ಬೆರ್ಗೆನ್‌ಗೆ ಬಂದು 'ಆ ಮಾರ್ಗರೆಟ್ ನಾನೇ, ನಾನು ಸತ್ತಿರಲಿಲ್ಲ' ಅಂದಳು. 1301ರಲ್ಲಿ ಅವಳನ್ನು ಸುಟ್ಟು ಕೊಂದರು. ಆದರೂ ಜನ ಅವಳನ್ನು ಹುತಾತ್ಮಳೆಂದು ಪೂಜಿಸತೊಡಗಿದರು. ಪೋಪ್ ಹೇಳದಿದ್ದರೂ ಜನರ ಬಾಯಲ್ಲಿ ಒಬ್ಬರು ಸಂತರಾಗಬಹುದು ಅನ್ನೋದಕ್ಕೆ ಇದೇ ಉದಾಹರಣೆ.

ಆದ್ದರಿಂದ ನಮ್ಮ ತೂಕ ಹೀಗೆ: 'ಹೋಪ್' ಅಂದ್ರೆ ಕೊಲ್ಲಿ, ಇದು ಗಟ್ಟಿ. 'ಸೇಂಟ್ ಮಾರ್ಗರೆಟ್' ಅಂದ್ರೆ ರಾಣಿ, ಇದು ಹೆಚ್ಚು ಸಂಭವ. ಪುಟ್ಟ ಹುಡುಗಿಯ ಕಥೆ ಮನಸ್ಸಿಗೆ ಹತ್ತಿರ, ಸಾಕ್ಷಿಗೆ ದೂರ. ಯಾವುದೇ ಊರಿನ ಹೆಸರಿನ ಕಥೆ ಕೇಳಿದಾಗಲೂ ಈ ಮೂರನ್ನು ಬೇರೆ ಬೇರೆ ಇಟ್ಟು ನೋಡೋದು ಒಳ್ಳೇದು.