ಅನುಭವಾಂಕಗಳ ಹಂಚಿಕೆ

ಮೇಜಿನ ಸುತ್ತ ಕುಳಿತು, ದಾಳಗಳನ್ನುರುಳಿಸಿ, ಒಬ್ಬೊಬ್ಬರು ಒಂದೊಂದು ಪಾತ್ರವನ್ನು ವಹಿಸಿ ಕಥೆಯನ್ನು ನಡೆಯಿಸುವ ಆಟವೊಂದನ್ನು ಅಮೆರಿಕಾ ದೇಶದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬವರು ೧೯೭೪ರಲ್ಲಿ ಪ್ರಕಟಿಸಿದರು. ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬುದು ಅದರ ಹೆಸರು. ಆಡುವವರಲ್ಲೊಬ್ಬನು ಸೂತ್ರಧಾರ, ಮಿಕ್ಕವರು ಯೋಧ, ಮಾಂತ್ರಿಕ, ಅರ್ಚಕ ಮೊದಲಾದವರಾಗಿ ಭೂಗತವಾದ ಗುಹೆಗಳನ್ನು ಹೊಕ್ಕು ಸಾಹಸಮಾಡುವರು. ೧೯೭೫ರಲ್ಲಿ ಚೋರನೂ ಇವರೊಡನೆ ಸೇರಿದನು. ಸಾಹಸಕ್ಕೆ ತಕ್ಕಂತೆ ಸೂತ್ರಧಾರನು ‘ಅನುಭವಾಂಕ’ಗಳನ್ನು ಕೊಡುವನು, ಅವು ಗೊತ್ತಾದ ಮೊತ್ತವನ್ನು ಮುಟ್ಟಿದರೆ ಪಾತ್ರವು ಮೇಲಿನ ಮೆಟ್ಟಿಲನ್ನೇರುವುದು.

ಬೇರೆ ಬೇರೆ ಕೆಲಸ ಮಾಡಿದವರಿಗೆ ಅಂಕಗಳನ್ನು ಹೇಗೆ ಹಂಚಬೇಕು? ರಜೆಯ ದಿನಗಳಲ್ಲಿ ಮಕ್ಕಳನ್ನು ಕೂಡಿಸಿಕೊಂಡು ಸೂತ್ರಧಾರರಾಗುವ ಹಿರಿಯರಿಗೆ ಇದು ಸಣ್ಣ ಪ್ರಶ್ನೆಯಲ್ಲ. ಗಾಯಗೊಂಡವರನ್ನೆಲ್ಲ ಬದುಕಿಸಿದ ಅರ್ಚಕನ ಪಾತ್ರದ ಮಗುವಿಗೆ ಏನೂ ದೊರೆಯದೆ ಹೋದರೆ, ಮರುದಿನ ಆ ಮಗು ಆಟಕ್ಕೆ ಬಾರದು.

ಮೊದಲಿನ ನಿಯಮ ಸರಳವಾಗಿದ್ದಿತು. ಹೊತ್ತುತಂದ ಒಂದು ಚಿನ್ನದ ನಾಣ್ಯಕ್ಕೆ ಒಂದು ಅಂಕ. ಜಂತುಗಳನ್ನು ಸೋಲಿಸಿದ್ದಕ್ಕೂ ಅಂಕ. ಗಳಿಕೆಯ ದಾರಿ ಎಲ್ಲರಿಗೂ ಒಂದೇ, ಏರುವ ಮೆಟ್ಟಿಲಿನ ಎತ್ತರ ಮಾತ್ರ ಬೇರೆ. ಎರಡನೆಯ ಮೆಟ್ಟಿಲಿಗೆ ಚೋರನಿಗೆ ೧,೨೦೦, ಅರ್ಚಕನಿಗೆ ೧,೫೦೦, ಯೋಧನಿಗೆ ೨,೦೦೦, ಮಾಂತ್ರಿಕನಿಗೆ ೨,೫೦೦. ಮಾಂತ್ರಿಕನು ಆರಂಭದಲ್ಲಿ ಬಲಹೀನನಾದರೂ ಮುಂದೆ ಅವನಿಗೆ ಸರಿಸಾಟಿಯಿಲ್ಲವಷ್ಟೆ. ೧೯೭೯ರ ಸೂತ್ರಧಾರರ ಕೈಪಿಡಿ ನಡತೆಯನ್ನೂ ತೂಗಿತು: ಹಿಂದೆ ಸರಿಯುವ ಯೋಧನೂ, ನೆರವಾಗಲೊಲ್ಲದ ಅರ್ಚಕನೂ ಮೇಲೇರುವ ಮುನ್ನ ಹೆಚ್ಚು ವಾರಗಳ ಶಿಕ್ಷಣವನ್ನು ಪಡೆಯಬೇಕಾಗುತ್ತಿದ್ದಿತು.

೧೯೮೯ರ ಎರಡನೆಯ ಆವೃತ್ತಿಯು ಇನ್ನೂ ಮುಂದೆ ಹೋಗಿ, ಬೇಕಾದವರು ಅನುಸರಿಸಲೆಂದು, ಅವರವರ ವೃತ್ತಿಗೆ ಅವರವರದೇ ಬಹುಮಾನವನ್ನು ಗೊತ್ತುಮಾಡಿತು. ತೊಡಕನ್ನು ನೀಗಿಸುವ ಮಂತ್ರಕ್ಕೆ ಅದರ ದರ್ಜೆಯೊಂದಕ್ಕೆ ೫೦ರಂತೆ ಮಾಂತ್ರಿಕನಿಗೆ. ತನ್ನ ಧರ್ಮವನ್ನೆತ್ತಿ ಹಿಡಿಯುವ ಮಂತ್ರಕ್ಕೆ ೧೦೦ರಂತೆ ಅರ್ಚಕನಿಗೆ. ಕೈಚಳಕವು ಫಲಿಸಿದಾಗಲೆಲ್ಲ ಚೋರನಿಗೆ ೨೦೦, ಮೇಲಾಗಿ ನಾಣ್ಯಕ್ಕೆ ಎರಡು! ಕೇಳುವುದಕ್ಕೆ ಎಷ್ಟು ನ್ಯಾಯ! ಆದರೆ ಹೊಸ ಯೋಧನು ಪ್ರಾಣವನ್ನು ಪಣವಿಟ್ಟು ಅತ್ಯಲ್ಪಬಲದ ಜಂತುವೊಂದನ್ನು ಸೋಲಿಸಿದರೆ, ಎಲ್ಲರಿಗೂ ಸಲ್ಲುವ ಪಾಲಿನ ಮೇಲೆ ಅವನಿಗೆ ದೊರೆಯುವುದು ೧೦. ಚೋರನು ಒಂದು ಬೀಗ ತೆಗೆದರೆ ೨೦೦. ಸೂತ್ರಧಾರನು ಕಣ್ಣಿಟ್ಟಿರದಿದ್ದರೆ, ಬಾಗಿಲು ತೆರೆದಿದ್ದರೂ ಚೋರನು ಗೋಡೆಯನ್ನೇ ಹತ್ತುವನು. ಮಾಂತ್ರಿಕನು ಕೈಯಿಂದಾಗುವ ಕೆಲಸಕ್ಕೂ ಮಂತ್ರ ಹಾಕುವನು. ಕೂಡಿ ಹೊರಟವರು ಬೇರೆ ಬೇರೆ ಅಂಗಡಿ ತೆರೆದಂತಾಯಿತು.

೨೦೦೦ದ ಮೂರನೆಯ ಆವೃತ್ತಿಯಲ್ಲಿ ಈ ಭೇದವೆಲ್ಲ ಅಳಿಯಿತು: ಎರಡನೆಯ ಮೆಟ್ಟಿಲಿಗೆ ಯಾರಾದರೂ ೧,೦೦೦. ೨೦೧೪ರ ಐದನೆಯ ಆವೃತ್ತಿಯಲ್ಲಿ ೩೦೦.

ಮಕ್ಕಳ ಕೂಟಕ್ಕೆ ಈ ಸಮಪಾಲೇ ಮೇಲೆಂದು ನಮಗೆ ತೋರುತ್ತದೆ. ಆದಾಗ್ಯೂ ಒಬ್ಬೊಬ್ಬರ ಕುಶಲತೆ ಕಣ್ಣಿಗೆ ಬೀಳದೆ ಹೋಗಬಾರದು. ಆಟ ಮುಗಿದ ಮೇಲೆ ಅಂಕಗಳನ್ನೆಲ್ಲ ಸಮನಾಗಿ ಹಂಚಿ, ಕಡೆಯಲ್ಲಿ ೫೦ ಅಂಕಗಳನ್ನು ಬೇರೆ ತೆಗೆದಿರಿಸಿ, ಅವು ಯಾರಿಗೆ ಸಲ್ಲಬೇಕೆಂದು ಮಕ್ಕಳನ್ನೇ ಕೇಳಬಹುದು. ತನ್ನ ಹೆಸರನ್ನು ತಾನೇ ಹೇಳಕೂಡದೆಂಬುದೊಂದೇ ಕಟ್ಟಳೆ.