ಕುಬೇರನ ವಾಹನ

ಪುಷ್ಪಕವಿಮಾನದ ಮೊದಲ ಒಡೆಯ ಯಾರೆಂದು ಕೇಳಿದರೆ ರಾವಣನೆನ್ನುವವರೇ ಹೆಚ್ಚು. ಆದರೆ ಅದು ಧನಾಧಿಪತಿಯಾದ ಕುಬೇರನದು. ರಾವಣ ಅದನ್ನು ಅಣ್ಣನಿಂದ ಕಸಿದುಕೊಂಡ. ಶ್ರೀರಾಮನಾದರೋ ಅಯೋಧ್ಯೆಯಲ್ಲಿ ಇಳಿದೊಡನೆ ಅದನ್ನು ಕುಬೇರನಿಗೇ ಹಿಂದಿರುಗಿಸಿಬಿಟ್ಟ. ಪಟ್ಟವೇರಲಿದ್ದವನೂ ಸ್ವಂತ ವಿಮಾನ ಇಟ್ಟುಕೊಳ್ಳಲಿಲ್ಲ. ಅದನ್ನು ಸಾಕುವ ವೆಚ್ಚ ಆತನಿಗೆ ತಿಳಿದಿತ್ತೋ ಏನೋ!

ಈ ಕಥೆ ನೆನಪಾದದ್ದು, ನನ್ನ ವಿದ್ಯಾರ್ಥಿಯೊಬ್ಬನ ತಂದೆ ಮೊನ್ನೆ ಮನೆಗೆ ಬಂದಾಗ. ಮಗ ಎರಡನೆಯ ಪಿ.ಯು.ಸಿ. ಮುಗಿಸಿದ್ದಾನೆ, ಭೌತಶಾಸ್ತ್ರ, ಗಣಿತಗಳಲ್ಲಿ ಒಳ್ಳೆಯ ಅಂಕಗಳು ಬಂದಿವೆ, ಪೈಲಟ್ ಆಗಬೇಕೆಂದು ಹಠ ಹಿಡಿದಿದ್ದಾನೆ. “ಊರಿನಲ್ಲಿ ಎರಡೆಕರೆ ಗದ್ದೆಯಿದೆ ಮೇಷ್ಟ್ರೇ, ಮಾರಿಬಿಡಲೆ?” ಎಂದರು. ಕನ್ನಡದ ಮೇಷ್ಟರನ್ನು ಕೇಳುವ ಪ್ರಶ್ನೆಯೇನೂ ಅಲ್ಲ. ಆದರೂ ಗದ್ದೆಯ ಮಾತು ಬಂದ ಮೇಲೆ ಲೆಕ್ಕ ಹಾಕದೆ ಉತ್ತರ ಹೇಳುವುದು ನನಗೆ ಸರಿತೋರಲಿಲ್ಲ.

ಈ ವಿದ್ಯೆಗೆ ವರ್ಷದ ಲೆಕ್ಕವಿಲ್ಲ, ಗಂಟೆಯ ಲೆಕ್ಕ. ನಮ್ಮ ದೇಶದಲ್ಲಿ 16 ವರ್ಷ ತುಂಬಿದವರು ಕಲಿಯುವವರ ಲೈಸೆನ್ಸ್ ಪಡೆಯಬಹುದು. ಸ್ವಂತ ಸಂತೋಷಕ್ಕಾಗಿ ಹಾರುವ ಖಾಸಗಿ ಲೈಸೆನ್ಸಿಗೆ 40 ಗಂಟೆಗಳ ಹಾರಾಟ ಬೇಕು. ಸಂಬಳಕ್ಕಾಗಿ ಹಾರಿಸುವ ವಾಣಿಜ್ಯ ಲೈಸೆನ್ಸಿಗೆ 200 ಗಂಟೆ. ಅದರಲ್ಲಿ 100 ಗಂಟೆ ತಾನೇ ಮುಖ್ಯ ಚಾಲಕನಾಗಿ ಹಾರಿರಬೇಕು. ಒಂದು ಗಂಟೆಗೆ ಇಂದು 15ರಿಂದ 20 ಸಾವಿರ ರೂಪಾಯಿಯ ಆಸುಪಾಸು. ಊಟ, ವಸತಿ, ಪರೀಕ್ಷೆಗಳ ಶುಲ್ಕ ಸೇರಿದರೆ ಒಟ್ಟು ಮೊತ್ತ ಸುಮಾರು 40ರಿಂದ 60 ಲಕ್ಷದವರೆಗೆ ಏರುತ್ತದೆ. ಅಷ್ಟಾದರೂ ಕೈಗೆ ಬಂದದ್ದು ಲೈಸೆನ್ಸ್ ಮಾತ್ರ, ನೌಕರಿಯಲ್ಲ. ದೊಡ್ಡ ಪ್ರಯಾಣಿಕ ವಿಮಾನವನ್ನು ಹಾರಿಸಲು ಆ ಜಾತಿಯ ವಿಮಾನದಲ್ಲೇ ಪ್ರತ್ಯೇಕ ಶಿಕ್ಷಣ ಬೇಕು. ಅದಕ್ಕೆ ಮತ್ತೆ ಹತ್ತಿಪ್ಪತ್ತು ಲಕ್ಷ.

ಗಂಟೆಗೆ ಇಷ್ಟೇಕೆ? ವಿಮಾನದ ಬೆಲೆಯೊಂದೇ ಕಾರಣವಲ್ಲ. ಶಾಲೆಗಳಲ್ಲಿ ಬಹಳವಾಗಿ ಕಾಣುವ ಸೆಸ್ನಾ 172 ಎಂಬ ನಾಲ್ಕು ಆಸನದ ವಿಮಾನವನ್ನೇ ನೋಡಿ. ಗಂಟೆಗೆ ಮೂವತ್ತು ಲೀಟರಿಗೂ ಮಿಕ್ಕಿ ಇಂಧನವನ್ನು ಕುಡಿಯುತ್ತದೆ. ಅದು ನಮ್ಮ ಕಾರಿನ ಪೆಟ್ರೋಲಲ್ಲ. ಸೀಸ ಬೆರೆತ ವಿಶೇಷ ಪೆಟ್ರೋಲು. 2022ರಲ್ಲಿ ಇಂಡಿಯನ್ ಆಯಿಲ್ ಸಂಸ್ಥೆ ಇಲ್ಲಿಯೇ ತಯಾರಿಸತೊಡಗುವವರೆಗೂ ಹೊರದೇಶದಿಂದ ತರಿಸಬೇಕಾಗಿತ್ತು. ಪ್ರತಿ 100 ಗಂಟೆಗೊಮ್ಮೆ ಸಮಗ್ರ ತಪಾಸಣೆ. ಸುಮಾರು 2000 ಗಂಟೆಯಾಯಿತೆಂದರೆ ಎಂಜಿನ್ನನ್ನು ಪೂರ್ತಿ ಬಿಚ್ಚಿ ಹೊಸದರಂತೆ ಮಾಡಬೇಕು. ಕಾರು ಕೆಟ್ಟರೆ ರಸ್ತೆಯ ಬದಿಗೆ ತಳ್ಳಬಹುದು, ಆಕಾಶಕ್ಕೆ ಬದಿಯೆಂಬುದಿಲ್ಲವಷ್ಟೆ.

ಬೆಲೆಯ ಕಥೆಯೂ ಸ್ವಾರಸ್ಯವಾದುದೇ. ಅಪಘಾತವಾದಾಗಲೆಲ್ಲ ತಯಾರಕರ ಮೇಲೆ ದಾವೆ ಹೂಡುವ ಪದ್ಧತಿ ಅಮೆರಿಕದಲ್ಲಿ ಬೆಳೆದು, ವಿಮೆಯ ಹೊರೆ ತಾಳಲಾರದೆ ಸೆಸ್ನಾ ಕಂಪೆನಿ 1986ರಲ್ಲಿ ಸಣ್ಣ ವಿಮಾನಗಳ ತಯಾರಿಕೆಯನ್ನೇ ನಿಲ್ಲಿಸಿತು. 18 ವರ್ಷ ದಾಟಿದ ವಿಮಾನದ ಹೊಣೆ ತಯಾರಕರಿಗಿಲ್ಲವೆಂಬ ಕಾನೂನು 1994ರಲ್ಲಿ ಬಂದ ಮೇಲೆಯೇ ಮತ್ತೆ ಆರಂಭಿಸಿದ್ದು. ಈಗ ಹೊಸ ವಿಮಾನವೊಂದಕ್ಕೆ ನಾಲ್ಕು ಲಕ್ಷ ಡಾಲರಿಗೂ ಹೆಚ್ಚು.

ಕೊಂಡರೆ ಮುಗಿಯಿತೆ? ಹ್ಯಾಂಗರಿನ ಬಾಡಿಗೆ, ವಿಮೆ, ಎಂಜಿನಿಯರ ಸಂಬಳ ಇವೆಲ್ಲ ವಿಮಾನ ಹಾರಿದರೂ ಹಾರದಿದ್ದರೂ ತಪ್ಪಿದ್ದಲ್ಲ. ವರ್ಷಕ್ಕೆ ಹತ್ತು ಲಕ್ಷವೆಂದು ಇಟ್ಟುಕೊಳ್ಳೋಣ. ಮಾಲೀಕ 50 ಗಂಟೆ ಹಾರಿದರೆ ಇಂಧನ ಬಿಟ್ಟು ಗಂಟೆಗೆ 20,000 ಬಿತ್ತು. ಅದೇ ವಿಮಾನವನ್ನು ಹತ್ತು ಮಂದಿ ಸೇರಿ 400 ಗಂಟೆ ಹಾರಿಸಿದರೆ ಬರಿಯ 2,500. ಫ್ಲೈಯಿಂಗ್ ಕ್ಲಬ್ಬುಗಳು ಹುಟ್ಟಿದ್ದರ ಗುಟ್ಟು ಇದೇ. 1929ರಲ್ಲಿ ಭಾರತದಲ್ಲಿ ಕೊಟ್ಟ ಮೊದಲ ಲೈಸೆನ್ಸ್ ಪಡೆದ ಜೆ. ಆರ್. ಡಿ. ಟಾಟಾ ಅವರಂಥ ಸಿರಿವಂತರೂ ಕಲಿತದ್ದು ಕ್ಲಬ್ಬಿನಲ್ಲಿಯೇ.

ಬೆಂಗಳೂರಿಗೂ ಒಂದು ಪುಷ್ಪಕವಿತ್ತು. ಎಚ್. ಎ. ಎಲ್. ಕಾರ್ಖಾನೆ 1958ರಲ್ಲಿ ಹಾರಿಸಿದ ಎರಡು ಆಸನದ, ಬಟ್ಟೆ ಹೊದಿಸಿದ, 90 ಅಶ್ವಶಕ್ತಿಯ ಪುಟ್ಟ ವಿಮಾನ. ಹೆಸರೇ ‘ಪುಷ್ಪಕ್’. ಸುಮಾರು 150 ವಿಮಾನಗಳು ತಯಾರಾಗಿ ದೇಶದ ಕ್ಲಬ್ಬುಗಳಿಗೆ ಹೋದವು. ಸರ್ಕಾರದ ಸಹಾಯಧನವೂ ಇದ್ದ ಆ ಕಾಲದಲ್ಲಿ ಗುಮಾಸ್ತರ ಮಕ್ಕಳೂ ಕಾಕ್‌ಪಿಟ್ಟಿನಲ್ಲಿ ಕುಳಿತದ್ದುಂಟು. ಆ ಅಗ್ಗದ ಪುಷ್ಪಕಕ್ಕೆ ಸರಿಯಾದ ಉತ್ತರಾಧಿಕಾರಿ ಹುಟ್ಟಲಿಲ್ಲವೆಂಬುದು ನನ್ನ ಕೊರಗು.

ಆ ತಂದೆಗೆ ನಾನು ಹೇಳಿದ್ದಿಷ್ಟು: ಗದ್ದೆಗೆ ಮೊದಲು ಕಣ್ಣು. ಕಣ್ಣು, ಕಿವಿ, ಹೃದಯಗಳ ಪ್ರಥಮ ದರ್ಜೆಯ ವೈದ್ಯಕೀಯ ಪರೀಕ್ಷೆ ಆಗಲಿ; ಖರ್ಚು ಸಾವಿರಗಳಲ್ಲಿ, ಲಕ್ಷಗಳಲ್ಲಲ್ಲ. ಲಿಖಿತ ಪರೀಕ್ಷೆಗಳಿಗೆ ಮನೆಯಲ್ಲೇ ಓದತೊಡಗಲಿ. ಶಾಲೆಯನ್ನು ಆರಿಸುವಾಗ ಕಟ್ಟಡವನ್ನು ನೋಡಬೇಡಿ. ಹಾರುವ ಸ್ಥಿತಿಯಲ್ಲಿರುವ ವಿಮಾನಗಳೆಷ್ಟು, ಒಬ್ಬ ವಿದ್ಯಾರ್ಥಿಗೆ ತಿಂಗಳಿಗೆ ಎಷ್ಟು ಗಂಟೆ ದೊರೆಯುತ್ತದೆ ಎಂದು ಅಲ್ಲಿನ ಹುಡುಗರನ್ನೇ ಕೇಳಿ. ಹಣವನ್ನು ಒಟ್ಟಿಗೆ ಕಟ್ಟಬೇಡಿ. ಹಾರಿದಂತೆ ಕಂತು ಕಂತಾಗಿ ಕೊಡಿ. ಸರದಿಗಾಗಿ ಕಾದು ಒಂದೂವರೆ ವರ್ಷದ ಪಾಠ ಮೂರು ವರ್ಷವಾದರೆ ವಸತಿಯ ಖರ್ಚೇ ಒಂದು ಎಕರೆಯನ್ನು ನುಂಗೀತು.

ಅವರು ಎಲ್ಲವನ್ನೂ ಚೀಟಿಯ ಮೇಲೆ ಬರೆದುಕೊಂಡು ಹೋದರು. ಮುಂದಿನ ವಾರ ಹುಡುಗನಿಗೆ ವೈದ್ಯಕೀಯ ಪರೀಕ್ಷೆ. ಗದ್ದೆಯನ್ನು ನೋಡಲು ಬರಬೇಕೆಂದಿದ್ದವರಿಗೆ ವರದಿ ಬರುವವರೆಗೆ ತಡೆಯಿರೆಂದು ಹೇಳಿದ್ದಾರಂತೆ.