ನಿಮಗಿದು ಗೊತ್ತೆ? ಗೆರೆ ಮೂಡದಿದ್ದರೂ ಸ್ಟ್ರೆಪ್ ಇರಬಹುದು!

ಮಕ್ಕಳ ಗಂಟಲು ನೋವಿನಲ್ಲಿ ನೂರಕ್ಕೆ 20ರಿಂದ 30ರಷ್ಟು ಮಾತ್ರ ‘ಸ್ಟ್ರೆಪ್’ ಬ್ಯಾಕ್ಟೀರಿಯಾದ್ದು. ಉಳಿದದ್ದು ಬಹುಪಾಲು ವೈರಸ್‌ಗಳ ಕಿತಾಪತಿ, ಅದಕ್ಕೆ ಆ್ಯಂಟಿಬಯೋಟಿಕ್ ದಂಡ. ಯಾವುದು ಯಾವುದೆಂದು ಐದ್ಹತ್ತು ನಿಮಿಷದಲ್ಲಿ ಹೇಳುವುದೇ ರ್‍ಯಾಪಿಡ್ ಟೆಸ್ಟ್. ಗಂಟಲಿಗೆ ಉಜ್ಜಿದ ಹತ್ತಿಕಡ್ಡಿಯನ್ನು ರಾಸಾಯನಿಕದಲ್ಲಿ ಅದ್ದಿದರೆ ಬ್ಯಾಕ್ಟೀರಿಯಾದ ಕೋಶಗೋಡೆಯ ಸಕ್ಕರೆಯಂಶ ಕಳಚಿಕೊಳ್ಳುತ್ತದೆ. ಪರೀಕ್ಷಾ ಪಟ್ಟಿಯಲ್ಲಿರುವ ಪ್ರತಿಕಾಯ ಅದನ್ನು ಹಿಡಿದರೆ ಗೆರೆ ಮೂಡುತ್ತದೆ.

ಗೆರೆ ಮೂಡಿತೆಂದರೆ ಬಹುಮಟ್ಟಿಗೆ ನಂಬಬಹುದು. ಸೋಂಕಿಲ್ಲದ 100 ಮಕ್ಕಳಲ್ಲಿ ತಪ್ಪಾಗಿ ‘ಪಾಸಿಟಿವ್’ ಬರುವುದು ಸುಮಾರು ಐವರಿಗೆ. ಆದರೆ ಸೋಂಕಿರುವ 100 ಮಕ್ಕಳಲ್ಲಿ ಸುಮಾರು 14 ಮಂದಿ ಪರೀಕ್ಷೆಯ ಕಣ್ಣು ತಪ್ಪಿಸಿಕೊಳ್ಳುತ್ತಾರೆ! ಮಗು ಕೊಸರಾಡಿ, ಕಡ್ಡಿ ಎರಡೂ ಟಾನ್ಸಿಲ್ ಮುಟ್ಟದೆ ನಾಲಿಗೆ ಸವರಿ ಬಂದರಂತೂ ಕೇಳುವುದೇ ಬೇಡ.

ಹಾಗಾಗಿ ಮಕ್ಕಳಲ್ಲಿ ‘ನೆಗೆಟಿವ್’ ಬಂದರೆ ಗಂಟಲ ದ್ರವವನ್ನು ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಕಲ್ಚರ್‌ಗೂ ಕಳಿಸುವುದು ರೂಢಿ. ಫಲಿತಾಂಶಕ್ಕೆ ಒಂದೆರಡು ದಿನ ಬೇಕು. ಇಷ್ಟು ಎಚ್ಚರಿಕೆ ಏಕೆಂದರೆ, ಚಿಕಿತ್ಸೆಯಿಲ್ಲದ ಸ್ಟ್ರೆಪ್ ಕೆಲವರಲ್ಲಿ ರುಮ್ಯಾಟಿಕ್ ಜ್ವರವಾಗಿ ಹೃದಯದ ಕವಾಟಗಳನ್ನೇ ಕೆಡಿಸುತ್ತದೆ. ದೊಡ್ಡವರಲ್ಲಿ ಆ ಅಪಾಯ ತೀರಾ ಕಡಿಮೆ, ಕಲ್ಚರ್ ಸಾಮಾನ್ಯವಾಗಿ ಬೇಕಿಲ್ಲ.

ಇನ್ನೊಂದು ತಮಾಷೆ: ಕೆಲವು ಮಕ್ಕಳ ಗಂಟಲಲ್ಲಿ ಈ ಬ್ಯಾಕ್ಟೀರಿಯಾ ತೊಂದರೆ ಕೊಡದೆ ಬಿಡಾರ ಹೂಡಿರುತ್ತದೆ. ಅವರಿಗೆ ಬರೀ ನೆಗಡಿಯಾದರೂ ಗೆರೆ ಮೂಡಬಹುದು.